ಅಗೆಯುವವರು ಕಾಪಾಡುವ ಹೊಣೆಯನ್ನೂ ಹೊರಲಿ

ಮಾನ್ಯ ಸಂಪಾದಕರಿಗೆ,

ಪ್ರಾಚೀನ ನೆಲೆಗಳ ರಕ್ಷಣೆಯ ಮಾತು ಬಂದಾಗಲೆಲ್ಲ ಯುದ್ಧ, ಕಳ್ಳತನ ಮತ್ತು ಅತಿಕ್ರಮಣಗಳ ಚರ್ಚೆ ನಡೆಯುತ್ತದೆ. ಆ ಚರ್ಚೆ ಅಗತ್ಯವೇ. ಆದರೆ ಒಳ್ಳೆಯ ಉದ್ದೇಶದಿಂದ, ಸರ್ಕಾರದ ಅನುಮತಿ ಪಡೆದು, ವಿದ್ವಾಂಸರ ಕೈಯಿಂದಲೇ ತೆರೆಯಲ್ಪಟ್ಟ ನೆಲೆಗಳು ಆಮೇಲೆ ದಿಕ್ಕಿಲ್ಲದೆ ಹಾಳಾಗುವುದರ ಬಗ್ಗೆ ಅಷ್ಟು ಮಾತು ಕೇಳಿಬರುವುದಿಲ್ಲ. ಈ ವಿಷಯದಲ್ಲಿ ಬಹುಕಾಲದಿಂದ ಆಸಕ್ತಿಯಿಟ್ಟುಕೊಂಡು ಓದುತ್ತ ಬಂದವನಾಗಿ ನಾನು ಹೇಳಬಯಸುವುದು ಇಷ್ಟು: ಒಂದು ನೆಲೆಯನ್ನು ಮುಂದೆ ವರ್ಷವರ್ಷವೂ ನೋಡಿಕೊಳ್ಳಲು ಬೇಕಾದ ಹಣ, ಜನ ಮತ್ತು ಯೋಜನೆ ಕೈಯಲ್ಲಿಲ್ಲದಿದ್ದರೆ ಅದನ್ನು ತೆರೆಯಬಾರದು, ಈಗಾಗಲೇ ತೆರೆದಿದ್ದರೆ ಶಾಸ್ತ್ರೀಯವಾಗಿ ಮತ್ತೆ ಮುಚ್ಚಬೇಕು. ಇದು ನನ್ನೊಬ್ಬನ ಅಭಿಪ್ರಾಯವೇನಲ್ಲ. ಸ್ಮಾರಕಗಳು ಮತ್ತು ನೆಲೆಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಮೊಸ್ 1990ರಲ್ಲಿ ಒಪ್ಪಿದ ಸನ್ನದು, ಪುರಾತತ್ವ ಸಂಪತ್ತು ಒಮ್ಮೆ ಕಳೆದರೆ ಮತ್ತೆ ಹುಟ್ಟದ ಸಂಪತ್ತೆಂದು ಹೇಳಿ, ಉತ್ಖನನದ ನಂತರದ ನಿರ್ವಹಣೆಯ ಖಾತರಿ ಇಲ್ಲದಿದ್ದರೆ ಅವಶೇಷಗಳನ್ನು ಅಗೆದು ಹೊರತೆಗೆಯಲೂ ಬಾರದು, ತೆಗೆದು ಹಾಗೆಯೇ ಬಿಡಲೂ ಬಾರದು ಎಂಬ ನಿಯಮವನ್ನು ಸ್ಪಷ್ಟವಾಗಿ ಇಟ್ಟಿದೆ. ಮೂರು ದಶಕ ಕಳೆದರೂ ಆ ನಿಯಮ ಕಾಗದದ ಮೇಲಿರುವಷ್ಟು ನೆಲದ ಮೇಲಿಲ್ಲ ಎಂಬುದೇ ನನ್ನ ಕಳವಳ.

ಉತ್ಖನನವೆಂದರೆ ನೆಲೆಯನ್ನು ಓದುತ್ತಲೇ ಅಳಿಸುವ ಕೆಲಸ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಜನ ಒಂದೇ ಜಾಗದಲ್ಲಿ ತಲೆಮಾರುಗಳ ಕಾಲ ವಾಸಿಸಿದಾಗ ನೆಲದಲ್ಲಿ ಪದರದ ಮೇಲೆ ಪದರ ಕೂಡುತ್ತದೆ. ಒಂದು ಮಡಕೆಯ ಚೂರು ಯಾವ ಪದರದಲ್ಲಿ, ಯಾವ ಒಲೆಯ ಪಕ್ಕದಲ್ಲಿ, ಯಾವ ಮೂಳೆಯ ಜೊತೆಯಲ್ಲಿ ಸಿಕ್ಕಿತು ಎಂಬುದರಿಂದಲೇ ಅದಕ್ಕೆ ಚರಿತ್ರೆಯಲ್ಲಿ ಸ್ಥಾನ. ಆ ಪದರವನ್ನು ಕೆತ್ತಿ ತೆಗೆದ ಮೇಲೆ ಉಳಿಯುವುದು ಅಗೆದವರು ಬರೆದಿಟ್ಟ ಟಿಪ್ಪಣಿ, ನಕ್ಷೆ ಮತ್ತು ಚಿತ್ರಗಳು ಮಾತ್ರ. 1871ರಿಂದ 1873ರವರೆಗೆ ಜರ್ಮನಿಯ ಹೈನ್ರಿಖ್ ಶ್ಲೀಮನ್ ಗ್ರೀಕ್ ಮಹಾಕಾವ್ಯದ ಟ್ರಾಯ್ ನಗರವನ್ನು ಹುಡುಕುತ್ತ ಇಂದಿನ ಟರ್ಕಿಯ ಹಿಸಾರ್ಲಿಕ್ ದಿಬ್ಬದ ನಡುವೆ ದೊಡ್ಡ ಕಂದಕವನ್ನೇ ತೋಡಿಸಿದರು. ತಳದ ಹತ್ತಿರ ಸಿಕ್ಕಿದ ಕೋಟೆಯೇ ಟ್ರೋಜನ್ ಯುದ್ಧದ ಕಾಲದ್ದೆಂದು ಅವರು ನಂಬಿದರು. ಅದು ಆ ಯುದ್ಧ ನಡೆದಿರಬಹುದಾದ ಕಾಲಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದೆಂದು ಆಮೇಲೆ ತಿಳಿಯಿತು. ಅವರು ಹುಡುಕುತ್ತಿದ್ದ ಕಾಲದ ಪದರಗಳಲ್ಲಿ ಬಹುಭಾಗ, ಕೆಳಕ್ಕೆ ಇಳಿಯುವ ಆತುರದಲ್ಲಿ ಅವರ ಕಂದಕದಲ್ಲೇ ಮಣ್ಣಾಗಿ ಹೋಗಿತ್ತು.

ಆ ಕಾಲದ ತಪ್ಪು ಈಗ ಆಗುವುದಿಲ್ಲ, ನಮ್ಮಲ್ಲಿ ಉತ್ತಮ ವಿಧಾನಗಳಿವೆ ಎಂದು ವಾದಿಸುವವರಿದ್ದಾರೆ. ವಿಧಾನಗಳು ಉತ್ತಮವಾಗಿವೆ ಎಂಬುದು ನಿಜ. ಮುಂದೆ ಇನ್ನೂ ಉತ್ತಮವಾಗಲಿವೆ ಎಂಬುದೂ ಅಷ್ಟೇ ನಿಜ. ಇಂಗಾಲದ ವಿಕಿರಣದಿಂದ ಕಾಲನಿರ್ಣಯ ಮಾಡುವ ವಿಧಾನವನ್ನು ವಿಲ್ಲರ್ಡ್ ಲಿಬ್ಬಿ ಮತ್ತು ಅವರ ಸಂಗಡಿಗರು 1949ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚಿನ ಉತ್ಖನನಗಳಲ್ಲಿ ಒಲೆಯ ಇದ್ದಿಲು ಬಹುಮಟ್ಟಿಗೆ ಬೇಡದ ಕಸವಾಗಿತ್ತು, ಹೆಚ್ಚಾಗಿ ಹೊರತೆಗೆದ ಮಣ್ಣಿನ ಜೊತೆ ರಾಶಿ ಸೇರುತ್ತಿತ್ತು. ಆರಂಭದಲ್ಲಿ ಗ್ರಾಂಗಟ್ಟಲೆ ಇಂಗಾಲ ಕೇಳುತ್ತಿದ್ದ ಆ ಪರೀಕ್ಷೆಗೆ ಇಂದು ಮಿಲಿಗ್ರಾಂ ಸಾಕು. ಪ್ರಾಚೀನ ಡಿಎನ್‌ಎ, ಮಡಕೆಯ ಒಳಮೈಯಲ್ಲಿ ಇಂಗಿದ ಕೊಬ್ಬಿನ ಅಂಶ, ಹಲ್ಲಿನ ಮೇಲೆ ಕಟ್ಟಿದ ಕಿಟ್ಟದೊಳಗಿನ ಪಿಷ್ಟದ ಕಣ ಇವೆಲ್ಲ ಕಳೆದ ಕೆಲವೇ ದಶಕಗಳಲ್ಲಿ ಸಾಕ್ಷ್ಯಗಳಾದವು. ಮುಂದಿನ ಐವತ್ತು ವರ್ಷಗಳಲ್ಲಿ ಇನ್ನು ಯಾವುದು ಸಾಕ್ಷ್ಯವಾಗುವುದೋ ಇಂದು ಯಾರೂ ಹೇಳಲಾರರು. ಆದ್ದರಿಂದಲೇ ಮೇಲೆ ಹೇಳಿದ ಸನ್ನದು, ಉತ್ಖನನ ಸಾಮಾನ್ಯವಾಗಿ ಭಾಗಶಃ ನಡೆಯಬೇಕು, ನೆಲೆಯ ಒಂದು ಭಾಗವನ್ನು ಮುಂದಿನವರಿಗಾಗಿ ಮುಟ್ಟದೆ ಬಿಡಬೇಕು ಎನ್ನುತ್ತದೆ. ಚೀನಾದ ಶಿಯಾನ್ ಬಳಿ 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಸೈನಿಕರು ಕಾಣಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಆ ಸೈನಿಕರ ಮೈಮೇಲೆ ಬಣ್ಣವಿತ್ತು; ಬಣ್ಣದಡಿಯ ಅರಗಿನ ಲೇಪ ಒಣಗಾಳಿಗೆ ತೆರೆದುಕೊಂಡ ಕೆಲವೇ ನಿಮಿಷಗಳಲ್ಲಿ ಸುರುಳಿ ಸುತ್ತಿಕೊಂಡು ಉದುರತೊಡಗಿತು. ಅದೇ ಆವರಣದಲ್ಲಿರುವ, ಆ ಮಣ್ಣಿನ ಸೈನ್ಯ ಕಾಯುವ ಚಿನ್ ಚಕ್ರವರ್ತಿಯ ಸಮಾಧಿ ದಿಬ್ಬವನ್ನು ಇಂದಿಗೂ ತೆರೆದಿಲ್ಲ. ಅಷ್ಟು ದೊಡ್ಡ ಕುತೂಹಲವನ್ನು ಅರ್ಧ ಶತಮಾನ ಹಿಡಿದಿಟ್ಟುಕೊಂಡ ಆ ಸಂಯಮವನ್ನು ನಾನು ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ.

ಇನ್ನು ತೆರೆದ ನೆಲೆಗೆ ಏನಾಗುತ್ತದೆ ಎಂಬುದನ್ನು ನೋಡೋಣ. ಸಿಂಧ್ ಪ್ರಾಂತ್ಯದ ಮೊಹೆಂಜೊದಾರೊ ಇದಕ್ಕೆ ಎಲ್ಲಕ್ಕಿಂತ ನೋವಿನ ಉದಾಹರಣೆ. ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ಹಳೆಯದಾದ ಅಲ್ಲಿನ ಸುಟ್ಟ ಇಟ್ಟಿಗೆಯ ಗೋಡೆಗಳು ಮಣ್ಣಿನಡಿಯಲ್ಲಿ ಭದ್ರವಾಗಿದ್ದವು. 1922ರಿಂದ ಶುರುವಾದ ಉತ್ಖನನದಲ್ಲಿ ಅವು ಹೊರಬಂದವು. ಸುತ್ತಲಿನ ಬಯಲಿನಲ್ಲಿ ನೀರಾವರಿ ಹೆಚ್ಚಿದಂತೆ ನೆಲದಡಿಯ ನೀರು ಮೇಲೇರಿತು; ಅದು ಉಪ್ಪನ್ನು ಹೊತ್ತ ನೀರು. ಬತ್ತಿ ಎಣ್ಣೆಯನ್ನು ಹೀರುವಂತೆ ಇಟ್ಟಿಗೆ ಆ ನೀರನ್ನು ಬುಡದಿಂದ ಮೇಲಕ್ಕೆ ಹೀರಿಕೊಳ್ಳುತ್ತದೆ. ಗೋಡೆಯ ಮೈಯಲ್ಲಿ ನೀರು ಆವಿಯಾಗಿ ಹೋದಾಗ ಉಪ್ಪು ಮಾತ್ರ ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಹರಳುಗಟ್ಟುತ್ತದೆ. ಅಲ್ಲಿನ ಉಪ್ಪುಗಳಲ್ಲಿ ಸೋಡಿಯಂ ಸಲ್ಫೇಟ್ ಮುಖ್ಯವಾದದ್ದು. ಗಾಳಿಯಲ್ಲಿ ತೇವ ಹೆಚ್ಚಿದಾಗ ಅದು ನೀರನ್ನು ಹಿಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗುವ ಹರಳು ಇಟ್ಟಿಗೆಯನ್ನು ಒಳಗಿನಿಂದ ಒಡೆಯುತ್ತದೆ. ಮೊದಲು ಗೋಡೆಯ ಬುಡದಲ್ಲಿ ಬಿಳಿಯ ಪುಡಿ ಕಾಣಿಸುತ್ತದೆ, ಬಳಿಕ ಮೇಲ್ಮೈ ಹಾಳೆಹಾಳೆಯಾಗಿ ಏಳುತ್ತದೆ, ಕೊನೆಗೆ ಬೆರಳಿನಿಂದ ಮುಟ್ಟಿದರೆ ಇಟ್ಟಿಗೆ ಪುಡಿಯಾಗಿ ಕೈಗೆ ಬರುತ್ತದೆ. 1974ರಿಂದ 1997ರವರೆಗೆ ಯುನೆಸ್ಕೊ ಅಂತರರಾಷ್ಟ್ರೀಯ ಅಭಿಯಾನ ನಡೆಸಿತು. ಕೊಳವೆಬಾವಿಗಳಿಂದ ಅಂತರ್ಜಲ ಇಳಿಸುವ ಪ್ರಯತ್ನವಾಯಿತು, ಗೋಡೆಗಳಿಗೆ ಮಣ್ಣಿನ ಗಿಲಾವು ಬಳಿಯುವ ಕ್ರಮ ಬಂತು. ಗಿಲಾವಿನ ಉಪಯೋಗ ಸರಳವಾದದ್ದು: ಉಪ್ಪು ಇಟ್ಟಿಗೆಯಲ್ಲಿ ಹರಳುಗಟ್ಟುವ ಬದಲು ಮಣ್ಣಿನಲ್ಲಿ ಹರಳುಗಟ್ಟಲಿ, ಹಾಳಾದ ಮಣ್ಣನ್ನು ಕೆರೆದು ಹೊಸದಾಗಿ ಬಳಿಯೋಣ ಎಂಬುದು. ಆದರೆ ಈ ಉಪಾಯ ಕೆಲಸ ಮಾಡಬೇಕಾದರೆ ಆ ವಿಶಾಲ ನಗರದ ಗೋಡೆಗಳಿಗೆ ಪದೇಪದೇ ಮಣ್ಣು ಬಳಿಯುವ ಕೆಲಸಗಾರರು ಯಾವ ಕಾಲಕ್ಕೂ ಇರಬೇಕು. ಅಲ್ಲಿ ಕೊನೆಯ ದೊಡ್ಡ ಉತ್ಖನನ ನಡೆದದ್ದು 1964–65ರಲ್ಲಿ. ಆಮೇಲೆ ಹೊಸ ಅಗೆತವನ್ನು ನಿಲ್ಲಿಸಿ, ತೆರೆದದ್ದನ್ನು ಉಳಿಸಿಕೊಳ್ಳುವುದರ ಕಡೆಗೆ ಗಮನ ಹರಿಸಬೇಕಾಯಿತು. ಈ ತೀರ್ಮಾನ ನಲವತ್ತು ವರ್ಷ ಮೊದಲೇ ಆಗಿದ್ದರೆ ಎಷ್ಟು ಗೋಡೆಗಳು ಉಳಿಯುತ್ತಿದ್ದವೋ ಎಂದು ಯೋಚಿಸಿದಾಗ ಮನಸ್ಸಿಗೆ ಸಂಕಟವಾಗುತ್ತದೆ.

ಮತ್ತೆ ಮುಚ್ಚುವುದೆಂದರೆ ಗುಂಡಿಗೆ ಮಣ್ಣು ತಳ್ಳಿ ಕೈತೊಳೆದುಕೊಳ್ಳುವುದಲ್ಲ ಎಂಬುದನ್ನು ಟಾಂಜಾನಿಯಾದ ಲೇಟೋಲಿ ಕಲಿಸಿದೆ. ಸುಮಾರು 36 ಲಕ್ಷ ವರ್ಷಗಳ ಹಿಂದೆ ಹಸಿ ಜ್ವಾಲಾಮುಖಿ ಬೂದಿಯ ಮೇಲೆ ನಡೆದುಹೋದ ಮಾನವಪೂರ್ವಜರ ಹೆಜ್ಜೆಗುರುತುಗಳನ್ನು ಮೇರಿ ಲೀಕಿ ಅವರ ತಂಡ 1978ರಲ್ಲಿ ಅಲ್ಲಿ ಪತ್ತೆಹಚ್ಚಿತು. ಅಧ್ಯಯನ ಮುಗಿದ ಮೇಲೆ 1979ರಲ್ಲಿ ಮರಳು ಸುರಿದು, ಮೇಲೆ ಕಲ್ಲುಗುಂಡುಗಳನ್ನಿಟ್ಟು ಆ ಜಾಡನ್ನು ಮುಚ್ಚಲಾಯಿತು. ನಿರ್ಧಾರ ಸರಿಯಾಗಿಯೇ ಇತ್ತು. ಆದರೆ ತಂದು ಸುರಿದ ಮರಳಿನಲ್ಲಿ ಅಕೇಶಿಯ ಜಾತಿಯ ಮರದ ಬೀಜಗಳಿದ್ದವು. ಕಲ್ಲಿನಡಿಯ ತೇವದಲ್ಲಿ ಅವು ಮೊಳೆತವು, ಗಿಡಗಳಾದವು, ಆಳೆತ್ತರ ಮೀರಿ ಬೆಳೆದವು. ಬೇರುಗಳು ಹೆಜ್ಜೆಗಳಿದ್ದ ಗಟ್ಟಿಬೂದಿಯ ಪದರದೊಳಕ್ಕೆ ಇಳಿದವು. ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ಟಾಂಜಾನಿಯಾದ ಪುರಾತತ್ವ ಇಲಾಖೆ ಜೊತೆಗೂಡಿ 1995 ಮತ್ತು 1996ರಲ್ಲಿ ಆ ಜಾಡನ್ನು ಮತ್ತೆ ತೆರೆದಾಗ ಬೇರುಗಳನ್ನು ಎಳೆದು ಕೀಳುವಂತಿರಲಿಲ್ಲ. ಎಳೆದರೆ ಹೆಜ್ಜೆಯೇ ಕಿತ್ತುಬರುತ್ತಿತ್ತು. ಒಂದೊಂದನ್ನೂ ತಾಳ್ಮೆಯಿಂದ ಕತ್ತರಿಸಿ ತೆಗೆಯಬೇಕಾಯಿತು. ಎರಡನೆಯ ಸಲ ಮುಚ್ಚುವಾಗ ಮರಳಿನ ಪದರಗಳ ನಡುವೆ ನೀರು ಮತ್ತು ಗಾಳಿ ಆಡಲು ಬಿಡುವ ಬಟ್ಟೆಯನ್ನೂ, ಬೇರು ಇಳಿಯದಂತೆ ತಡೆಯುವ ಔಷಧಯುಕ್ತ ಹಾಸನ್ನೂ ಹಾಸಿದರು. ಸುತ್ತಲಿನ ಮಸಾಯಿ ಸಮುದಾಯದ ಹಿರಿಯರನ್ನು ಕರೆದು ಆ ಜಾಗ ಎಂಥದ್ದೆಂದು ತಿಳಿಸಿ, ಅವರ ಒಪ್ಪಿಗೆ ಮತ್ತು ಕಾವಲನ್ನು ಕೇಳಿಕೊಂಡರು. ಗಿಡ ಮೊಳೆಯುತ್ತಿದೆಯೇ ಎಂದು ನೋಡಿ, ಮೊಳೆತರೆ ಎಳೆಯದಾಗಿರುವಾಗಲೇ ತೆಗೆಯುವ ವ್ಯವಸ್ಥೆಯೂ ಯೋಜನೆಯ ಭಾಗವಾಗಿತ್ತು. ಮೊದಲ ಸಲ ಮುಖ್ಯವಾಗಿ ತಪ್ಪಿದ್ದು ಈ ಕೊನೆಯ ಸಣ್ಣ ಕೆಲಸವೇ ಎಂಬುದನ್ನು ಗಮನಿಸಬೇಕು. ವರ್ಷಕ್ಕೊಮ್ಮೆ ಯಾರಾದರೂ ಹೋಗಿ ಮೊಳಕೆಗಳನ್ನು ಕಿತ್ತಿದ್ದರೆ ಅಷ್ಟು ದೊಡ್ಡ ಸಾಹಸದ ಅಗತ್ಯವೇ ಬೀಳುತ್ತಿರಲಿಲ್ಲ.

ದುರಸ್ತಿಯ ಹೆಸರಿನಲ್ಲಿ ಆಗುವ ಹಾನಿಯದು ಮತ್ತೊಂದು ಕಥೆ. ಅಥೆನ್ಸಿನ ಅಕ್ರೊಪೊಲಿಸ್ ಕಟ್ಟಿದ ಪ್ರಾಚೀನ ಗ್ರೀಕರು ಅಮೃತಶಿಲೆಯ ಕಲ್ಲುಗಳನ್ನು ಕಬ್ಬಿಣದ ಕೊಂಡಿಗಳಿಂದ ಬಂಧಿಸುವಾಗ ಕೊಂಡಿಯ ಸುತ್ತ ಸೀಸ ಎರೆಯುತ್ತಿದ್ದರು. ಆದ್ದರಿಂದ ಅವರ ಕಬ್ಬಿಣಕ್ಕೆ ನೀರು ತಾಗದೆ ಸಾವಿರಾರು ವರ್ಷ ತುಕ್ಕು ಹಿಡಿಯಲಿಲ್ಲ. 1898ರಿಂದ 1933ರವರೆಗೆ ಅಲ್ಲಿ ಜೀರ್ಣೋದ್ಧಾರ ನಡೆಸಿದ ನಿಕೊಲಾವೊಸ್ ಬಲಾನೊಸ್ ಹೊಸ ಕಬ್ಬಿಣದ ಕೊಂಡಿ, ತೊಲೆಗಳನ್ನು ಆ ರಕ್ಷಣೆಯಿಲ್ಲದೆಯೇ ಕಲ್ಲಿನೊಳಗೆ ಇಟ್ಟರು. ಅವು ತುಕ್ಕು ಹಿಡಿದು, ಹಿಗ್ಗಿ, ಅಮೃತಶಿಲೆಯನ್ನು ಸೀಳಿದವು. ಕೆಲವು ಕಲ್ಲುಗಳು ತಮ್ಮದಲ್ಲದ ಜಾಗದಲ್ಲಿ ಕುಳಿತಿದ್ದವು. 1975ರಲ್ಲಿ ನೇಮಕವಾದ ಸಮಿತಿಯ ಮಾರ್ಗದರ್ಶನದಲ್ಲಿ ಆ ಕಬ್ಬಿಣವನ್ನು ತೆಗೆದು ಟೈಟೇನಿಯಂ ಹಾಕುವ ಕೆಲಸ ದಶಕಗಟ್ಟಲೆ ನಡೆದಿದೆ. ಇಟಲಿಯ ಪ್ರಾಚೀನ ರೋಮನ್ ನಗರ ಪೊಂಪೆಯಲ್ಲಿ 2010ರ ನವೆಂಬರಿನಲ್ಲಿ ಮಳೆಯ ನಂತರ ಕುಸಿದುಬಿದ್ದ ಗ್ಲೇಡಿಯೇಟರುಗಳ ಕಟ್ಟಡವೂ ಇಂಥದ್ದೇ. ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕಿದ್ದ ಆ ಕಟ್ಟಡದ ಹಳೆಯ ಗೋಡೆಗಳ ಮೇಲೆ ಆಮೇಲೆ ಭಾರವಾದ ಕಾಂಕ್ರೀಟ್ ಚಾವಣಿ ಹೊರಿಸಲಾಗಿತ್ತು. ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು 1964ರ ವೆನಿಸ್ ಸನ್ನದು ಹೇಳಿದೆ. ಅದಕ್ಕೆ ನಾನು ಒಂದು ಮಾತು ಸೇರಿಸುತ್ತೇನೆ: ಇಂದು ಹಾಕಿದ ವಸ್ತುವನ್ನು ನಾಳೆ ಮೂಲಕ್ಕೆ ಗಾಯವಾಗದಂತೆ ತೆಗೆಯಲಾಗದಿದ್ದರೆ ಅದನ್ನು ಹಾಕಲೇಬಾರದು. ಸುಣ್ಣದ ಗಾರೆಯ ಹಳೆಯ ಗೋಡೆಯ ಸಂದುಗಳಿಗೆ ಸಿಮೆಂಟು ತುಂಬುವುದನ್ನು ಎಲ್ಲೆಲ್ಲೂ ಕಾಣುತ್ತೇವೆ. ಗಾರೆಯ ಮೂಲಕ ಹೊರಹೋಗುತ್ತಿದ್ದ ತೇವವನ್ನು ಗಟ್ಟಿ ಸಿಮೆಂಟು ತಡೆಯುತ್ತದೆ; ತೇವ ಪಕ್ಕದ ಮೆದು ಇಟ್ಟಿಗೆ ಅಥವಾ ಕಲ್ಲಿನ ಮೂಲಕವೇ ಹೊರಹೊರಟು ಅದನ್ನು ಕೊರೆಯುತ್ತದೆ. ಸಂದು ಗಟ್ಟಿಯಾಗಿ ಉಳಿದು ಕಲ್ಲು ಸವೆಯುವ ಈ ದುರಸ್ತಿಯನ್ನು ದುರಸ್ತಿಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಪೊಂಪೆಯ ನೆರೆಯ ಹರ್ಕ್ಯುಲೇನಿಯಂ ಇದಕ್ಕೆ ಬೇರೆಯ ದಾರಿಯನ್ನು ತೋರಿಸಿತು. 2001ರಲ್ಲಿ ಆರಂಭವಾದ ಸಂರಕ್ಷಣಾ ಯೋಜನೆ ಅಲ್ಲಿ ಸೋರುವ ಚಾವಣಿಗಳನ್ನು ಸರಿಪಡಿಸುವುದು, ಮಳೆನೀರಿಗೆ ದಾರಿ ಮಾಡುವುದು ಮುಂತಾದ ಹೆಸರು ತಾರದ ಕೆಲಸಗಳಿಗೆ ಮೊದಲ ಸ್ಥಾನ ಕೊಟ್ಟಿತು. ರೋಮನ್ನರೇ ಕಟ್ಟಿದ್ದ ನೆಲದಡಿಯ ಚರಂಡಿಗಳ ಹೂಳು ತೆಗೆದು, ಅವುಗಳ ಮೂಲಕವೇ ಮಳೆನೀರನ್ನು ಹೊರಗೆ ಹರಿಸಿತು. ಪೊಂಪೆಯಲ್ಲಿಯೂ ಮೂರನೆಯ ಒಂದು ಭಾಗದಷ್ಟು ನಗರವನ್ನು ಇಂದಿಗೂ ಅಗೆಯದೆ ಬಿಟ್ಟಿದ್ದಾರೆ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ನೀರು ನಿಲ್ಲದಂತೆ ನೋಡಿಕೊಳ್ಳುವುದು, ಗೋಡೆಯ ತಲೆಯ ಮೇಲೆ ಬೆಳೆದ ಗಿಡವನ್ನು ಬೇರು ಬಿಡುವ ಮೊದಲೇ ಕೀಳುವುದು, ಮಳೆಗಾಲಕ್ಕೆ ಮುಂಚೆ ಹಾಗೂ ಮುಗಿದ ಮೇಲೆ ಒಂದೇ ಜಾಗದಿಂದ ಚಿತ್ರ ತೆಗೆದು ಹೋಲಿಸುವುದು ಇವಿಷ್ಟನ್ನು ತಪ್ಪದೆ ಮಾಡಿದರೆ ಎಷ್ಟೋ ನೆಲೆಗಳಿಗೆ ದೊಡ್ಡ ದುರಸ್ತಿಯೇ ಬೇಕಾಗುವುದಿಲ್ಲ.

ದಾಖಲೆಗಳ ವಿಚಾರಕ್ಕೆ ಬಂದರೆ, ಕಾಂಬೋಡಿಯಾದ ಅಂಗ್ಕೋರಿನ ಬಾಫುಯೋನ್ ದೇವಾಲಯಕ್ಕೆ ಆದದ್ದನ್ನು ಪ್ರತಿಯೊಬ್ಬ ಅಧಿಕಾರಿಯೂ ತಿಳಿದಿರಬೇಕು. ಕುಸಿಯುತ್ತಿದ್ದ ಆ ಹನ್ನೊಂದನೆಯ ಶತಮಾನದ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟುವ ಕೆಲಸವನ್ನು ಫ್ರೆಂಚ್ ವಿದ್ವಾಂಸರು 1960ರಲ್ಲಿ ಕೈಗೆತ್ತಿಕೊಂಡರು. ಸುಮಾರು ಮೂರು ಲಕ್ಷ ಕಲ್ಲುಗಳು ಸುತ್ತಲಿನ ಕಾಡಿನಲ್ಲಿ ಹರಡಿಕೊಂಡಿದ್ದಾಗ ಯುದ್ಧ ಬಂತು, ಕೆಲಸ ನಿಂತಿತು. ಯಾವ ಕಲ್ಲು ಎಲ್ಲಿಯದೆಂದು ಬರೆದಿಟ್ಟಿದ್ದ ದಾಖಲೆಗಳು 1975ರಲ್ಲಿ ಖಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟ್ ಗುಂಪಿನ ಕಾಲದಲ್ಲಿ ನಾಶವಾದವು. 1995ರಲ್ಲಿ ಮತ್ತೆ ಶುರುವಾದ ಕೆಲಸ ಮುಗಿದದ್ದು 2011ರಲ್ಲಿ. ಯುದ್ಧವೇ ಇಲ್ಲದ ಕಡೆಗಳಲ್ಲಿಯೂ ದಾಖಲೆಗಳಿಗೆ ಸುರಕ್ಷತೆ ಇದೆಯೆಂದು ಹೇಳಲಾಗದು. ಉತ್ಖನನ ನಡೆಸಿದವರು ನಿವೃತ್ತರಾಗುತ್ತಾರೆ, ಟಿಪ್ಪಣಿ ಪುಸ್ತಕಗಳು ಅವರ ಮನೆಯಲ್ಲೇ ಉಳಿಯುತ್ತವೆ, ಉಗ್ರಾಣದ ಗೋಣಿಚೀಲ ಹರಿದು ಚೀಟಿಗಳು ಚೂರುಗಳಿಂದ ಬೇರೆಯಾಗುತ್ತವೆ. ಚೀಟಿ ಕಳೆದ ಚೂರಿಗೂ ಬೀದಿಯಲ್ಲಿ ಬಿದ್ದ ಚೂರಿಗೂ ವಿದ್ವತ್ತಿನ ದೃಷ್ಟಿಯಿಂದ ಹೆಚ್ಚು ವ್ಯತ್ಯಾಸವಿಲ್ಲ. ಹಿಂದಿನ ಉತ್ಖನನದ ಪೂರ್ಣ ವರದಿ ಪ್ರಕಟಿಸದವರಿಗೆ ಮತ್ತೊಂದು ನೆಲೆ ಅಗೆಯಲು ಅನುಮತಿ ನೀಡಬಾರದೆಂಬ ನಿಯಮ ಕಟ್ಟುನಿಟ್ಟಾಗಿ ಜಾರಿಯಾಗಬೇಕು. ಇದು ಕಠಿಣವೆನಿಸಬಹುದು, ಆದರೆ ವರದಿಯಿಲ್ಲದ ಉತ್ಖನನಕ್ಕೂ ನಿಧಿಗಳ್ಳರ ಗುಂಡಿಗೂ ಪರಿಣಾಮದಲ್ಲಿ ಅಂತರ ತೀರ ಕಡಿಮೆ.

ನಿಧಿಗಳ್ಳರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಆ ಪಿಡುಗು ಎಲ್ಲರಿಗೂ ತಿಳಿದದ್ದೇ. ಇಟಲಿಯ ಸಮಾಧಿಯೊಂದರಿಂದ ಕದ್ದು ಅಗೆದ, ಯೂಫ್ರೊನಿಯೊಸ್ ಎಂಬ ಗ್ರೀಕ್ ಕಲಾವಿದ ಚಿತ್ರಿಸಿದ ಪಾತ್ರೆಯನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 1972ರಲ್ಲಿ ಕೊಂಡಿತ್ತು. ಅದು ಇಟಲಿಗೆ ಮರಳಿದ್ದು 2008ರಲ್ಲಿ. ಪಾತ್ರೆಯೇನೋ ಮರಳಿತು. ಅದರ ಜೊತೆಗೆ ಆ ಸಮಾಧಿಯಲ್ಲಿ ಏನೇನಿತ್ತು, ಯಾರನ್ನು ಅಲ್ಲಿ ಹೂಳಿದ್ದರು ಎಂಬುದನ್ನು ಮರಳಿ ತರುವ ಕಾನೂನು ಯಾವುದೂ ಇಲ್ಲ. ಮೂಲದ ದಾಖಲೆಯಿಲ್ಲದ ಯಾವ ಪ್ರಾಚ್ಯವಸ್ತುವನ್ನೂ ವಸ್ತುಸಂಗ್ರಹಾಲಯಗಳು ಕೊಳ್ಳದಿದ್ದರೆ ಅಗೆಯುವವರ ಕೈ ತಾನಾಗಿ ಕಟ್ಟುತ್ತದೆ.

ಕಾನೂನಿನ ಅನುಮತಿಯೇ ನಾಶಕ್ಕೆ ದಾರಿಯಾಗಬಲ್ಲದು ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಣಿವೆ ಸಾಕ್ಷಿ. 46 ಸಾವಿರ ವರ್ಷಗಳಷ್ಟು ಹಿಂದಿನಿಂದ ಮನುಷ್ಯರು ಬಳಸುತ್ತ ಬಂದಿದ್ದ ಅಲ್ಲಿನ ಗುಹಾಶ್ರಯಗಳನ್ನು ಕಬ್ಬಿಣದ ಅದಿರಿನ ಗಣಿಗಾಗಿ 2020ರ ಮೇ ತಿಂಗಳಲ್ಲಿ ಸಿಡಿಸಲಾಯಿತು. 1972ರ ಕಾಯ್ದೆಯಡಿ ಅದಕ್ಕೆ 2013ರಲ್ಲೇ ಒಪ್ಪಿಗೆ ದೊರೆತಿತ್ತು. ಆ ಒಪ್ಪಿಗೆಯ ನಂತರ ನಡೆದ ಉತ್ಖನನದಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಳೆಯದಾದ, ಮನುಷ್ಯರ ಕೂದಲಿನಿಂದ ಹೆಣೆದ ಪಟ್ಟಿಯ ತುಣುಕು ಸಿಕ್ಕಿತು. ಅದರ ಡಿಎನ್‌ಎ ಆ ನೆಲದ ಇಂದಿನ ಮೂಲನಿವಾಸಿಗಳೊಂದಿಗೆ ಸಂಬಂಧ ತೋರಿಸಿತು. ಇಷ್ಟು ತಿಳಿದ ಮೇಲೂ ಕೊಟ್ಟ ಒಪ್ಪಿಗೆಯನ್ನು ಮರುಪರಿಶೀಲಿಸಲು ಕಾಯ್ದೆಯಲ್ಲಿ ಅವಕಾಶವಿರಲಿಲ್ಲ. ಹೊಸ ಸಾಕ್ಷ್ಯ ಸಿಕ್ಕಾಗ ಅನುಮತಿ ತಾನಾಗಿ ಅಮಾನತಿಗೆ ಹೋಗುವ ಕಲಮು ಪ್ರತಿಯೊಂದು ದೇಶದ ಕಾಯ್ದೆಯಲ್ಲಿಯೂ ಇರಬೇಕು. ರಸ್ತೆ, ಸೇತುವೆ, ಗಣಿಗಳ ನಕ್ಷೆ ಅಂತಿಮವಾಗುವ ಮೊದಲೇ ನೆಲದ ಸಮೀಕ್ಷೆ ನಡೆಯಬೇಕು. ನಕ್ಷೆ ಮುಗಿದು ಗುತ್ತಿಗೆ ಕೊಟ್ಟ ಮೇಲೆ ನಡೆಯುವ ಸಮೀಕ್ಷೆ ಬರಿಯ ಶಿಷ್ಟಾಚಾರವಾಗುತ್ತದೆ. ಹಂಪಿಯ ಸ್ಮಾರಕ ಸಮೂಹ 1999ರಲ್ಲಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ 2006ರವರೆಗೆ ಅಲ್ಲಿಯೇ ಉಳಿದದ್ದು ಸಂರಕ್ಷಿತ ಪ್ರದೇಶದಲ್ಲಿ ಶುರುವಾಗಿದ್ದ ಸೇತುವೆಗಳ ಕಾಮಗಾರಿಯ ಕಾರಣದಿಂದಲೇ. ಮೊದಲೇ ಕೂತು ಮಾತನಾಡಿದ್ದರೆ ಸೇತುವೆಗೆ ಬೇರೆ ಜಾಗ ಸಿಗುತ್ತಿತ್ತು. ನೆಲೆಗೆ ಮಾತ್ರ ಬೇರೆ ಜಾಗವಿರುವುದಿಲ್ಲ.

ನೋಡಲು ಬರುವವರನ್ನು ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ಜನ ನೋಡದ ನೆಲೆಗೆ ಜನರ ಬೆಂಬಲವೂ ಸಿಗುವುದಿಲ್ಲ. ಆದರೆ ಎಷ್ಟು ಜನ, ಎಲ್ಲಿಯವರೆಗೆ, ಎಷ್ಟು ಹೊತ್ತು ಎಂಬುದನ್ನು ನೆಲೆಯ ಸಹನೆಯ ಮಿತಿ ತೀರ್ಮಾನಿಸಬೇಕೇ ಹೊರತು ಟಿಕೆಟ್ಟಿನ ವರಮಾನ ತೀರ್ಮಾನಿಸಬಾರದು. ಆದಿಮಾನವರ ಚಿತ್ರಗಳಿರುವ, 1948ರಲ್ಲಿ ಸಾರ್ವಜನಿಕರಿಗೆ ತೆರೆದ ಫ್ರಾನ್ಸಿನ ಲಾಸ್ಕೊ ಗುಹೆಯನ್ನು ನೋಡುಗರ ಉಸಿರಿನ ಇಂಗಾಲದ ಡೈಆಕ್ಸೈಡು, ತೇವ ಮತ್ತು ದೀಪದ ಬೆಳಕಿಗೆ ಬೆಳೆದ ಹಸಿರು ಪಾಚಿಯ ಕಾರಣದಿಂದ 1963ರಲ್ಲಿ ಮುಚ್ಚಬೇಕಾಯಿತು. ಮುಚ್ಚಿದ ಮೇಲೂ ಶಿಲೀಂಧ್ರದ ಕಾಟ ಬಿಡಲಿಲ್ಲ. ಆ ಪಾಠ ಕಲಿತದ್ದರಿಂದಲೇ ಫ್ರಾನ್ಸಿನಲ್ಲೇ 1994ರಲ್ಲಿ ಪತ್ತೆಯಾದ, ಅಂಥದ್ದೇ ಚಿತ್ರಗಳ ಶೋವೆ ಗುಹೆಯನ್ನು ಒಂದು ದಿನವೂ ಸಾರ್ವಜನಿಕರಿಗೆ ತೆರೆಯಲಿಲ್ಲ. ಅದರ ಪಡಿಯಚ್ಚನ್ನು ಬೇರೆಡೆ ಕಟ್ಟಿ 2015ರಲ್ಲಿ ಜನರಿಗೆ ತೋರಿಸಿದರು.

ಇಷ್ಟೆಲ್ಲ ವ್ಯವಸ್ಥೆಗೆ ಹಣವೆಲ್ಲಿಂದ ಎಂದು ಕೇಳುವವರಿಗೆ ನನ್ನ ಉತ್ತರವಿದು. ಉತ್ಖನನಕ್ಕೆ ಮಂಜೂರಾಗುವ ಹಣದಲ್ಲಿಯೇ ಸಂರಕ್ಷಣೆ, ಉಗ್ರಾಣ, ವರದಿ ಮತ್ತು ಮರುಮುಚ್ಚುವಿಕೆಯ ಪಾಲನ್ನು ಮೊದಲೇ ತೆಗೆದಿಡಬೇಕು, ಅದನ್ನು ಬೇರೆ ಕೆಲಸಕ್ಕೆ ತಿರುಗಿಸಲು ಬರಬಾರದು. ಆ ಪಾಲನ್ನು ಹೊಂದಿಸಲಾಗದಿದ್ದರೆ ಅಗೆಯುವ ಜಾಗವನ್ನು ಕಿರಿದು ಮಾಡಬೇಕು. ನೆಲವನ್ನು ಅಗೆಯದೆಯೇ ಒಳಗಿನ ಗೋಡೆಗಳನ್ನು ಗುರುತಿಸುವ ರಡಾರ್ ಮತ್ತು ಕಾಂತೀಯ ಸಮೀಕ್ಷೆಗಳು ಇಂದು ಲಭ್ಯವಿರುವುದರಿಂದ ಹಲವು ಪ್ರಶ್ನೆಗಳಿಗೆ ಗುದ್ದಲಿ ಹಾಕದೆಯೇ ಉತ್ತರ ಪಡೆಯಬಹುದು. ನೆಲೆಯ ಪಕ್ಕದಲ್ಲಿ ಬದುಕುವ ಜನರಿಗೆ ಕಾವಲಿನ, ಗಿಡ ಕೀಳುವ, ಗಾರೆ ಮಾಡುವ ಕೆಲಸವನ್ನು ತರಬೇತಿ ಕೊಟ್ಟು ಸಂಬಳಕ್ಕೆ ವಹಿಸಬೇಕು. ಬೇಲಿ ಹಾಕಿ ಅವರನ್ನು ಹೊರಗಿಟ್ಟ ನೆಲೆಗಳಲ್ಲಿ ರಾತ್ರಿ ಯಾರು ಅಗೆದರು ಎಂದು ಹೇಳಲು ಯಾರೂ ಮುಂದೆ ಬರುವುದಿಲ್ಲ. ತಮ್ಮದೆಂದು ಅವರು ಭಾವಿಸಿದ ನೆಲೆಯಲ್ಲಿ ಅಪರಿಚಿತರ ಗುದ್ದಲಿಯ ಸದ್ದು ಮೊದಲು ಕೇಳುವುದು ಅವರಿಗೇ.

ತಮ್ಮ ಪತ್ರಿಕೆಯಿಂದ ನಾನು ಕೋರುವುದು ಒಂದು ಸಹಾಯ. ಉತ್ಖನನದ ಸುದ್ದಿ ಪ್ರಕಟಿಸುವಾಗ ಸಿಕ್ಕ ವಸ್ತುವಿನ ಚಿತ್ರದ ಜೊತೆಗೆ, ಗುಂಡಿಯನ್ನು ಯಾವಾಗ ಮತ್ತು ಹೇಗೆ ಮುಚ್ಚುತ್ತಾರೆ, ವಸ್ತುಗಳನ್ನು ಎಲ್ಲಿಡುತ್ತಾರೆ, ವರದಿಗೆ ಗಡುವು ಯಾವುದು, ಮುಂದಿನ ಹತ್ತು ವರ್ಷಗಳ ನಿರ್ವಹಣೆಗೆ ಹೊಣೆಗಾರರು ಯಾರು ಎಂಬ ಪ್ರಶ್ನೆಗಳನ್ನು ಸಂಬಂಧಪಟ್ಟವರಿಗೆ ಕೇಳಿ, ಅವರ ಉತ್ತರವನ್ನೂ ಅಚ್ಚು ಮಾಡಬೇಕು. ಉತ್ತರ ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಬೇಕು.

ಇತಿ,
ತಮ್ಮ ಪತ್ರಿಕೆಯ ಓದುಗ